ಎರಡು ಹನಿ ಕಪ್ಪು

"ಮಾಸ್ಟ್ರಿಗೆ ಸ್ವಲ್ಪ ದಾರಿ ಬಿಡಿ" ಎನ್ನುತ್ತ ಉಬೈದ್ ವಿಲ್ಲಿ ಮಾಸ್ಟ್ರ ರಟ್ಟೆ ಹಿಡಿದು ಜಗಲಿಯ ಮೆಟ್ಟಿಲು ಹತ್ತಿಸುತ್ತಿದ್ದ. ಮಾಸ್ಟ್ರ ಒಂದು ಕಾಲಿನ ಚಪ್ಪಲಿ ಕಳಚಿತ್ತು, ಇನ್ನೊಂದನ್ನು ಕಳಚಲು ಪುರುಸೊತ್ತು ಸಿಕ್ಕಿರಲಿಲ್ಲ. ಹಿಂದೆಯೇ ಇದ್ದ ಅವರ ಹೆಂಡತಿ ರೊಸಾಲಿನ್ ಬಗ್ಗಿ ಅದನ್ನು ಎಳೆದು ಬದಿಗಿಟ್ಟು, ಹೆಂಗಸರು ಕೂತಿದ್ದ ಒಳಕೋಣೆಯ ಕಡೆ ಹೋದರು.

ಮೂಸಬ್ಬರನ್ನು ಚಾವಡಿಯಲ್ಲಿ ಮಲಗಿಸಿದ್ದರು. ಬೆಳಗಿನ ನಮಾಜು ಮುಗಿಸಿ ಬಂದು ಕುರ್ಚಿಯಲ್ಲಿ ಕೂತವರು ಕೂತಲ್ಲೇ ಹೋಗಿಬಿಟ್ಟಿದ್ದರು. ಎಪ್ಪತ್ತೊಂದು ವರ್ಷ. ಕುದ್ರೋಳಿಯಲ್ಲಿ ನಲವತ್ತು ವರ್ಷ ಪೈಂಟ್ ಅಂಗಡಿ ನಡೆಸಿದ ಮನುಷ್ಯ. ಬಿಳಿ ಬಟ್ಟೆಯ ಹೊರಗೆ ಮುಖ ಮಾತ್ರ ಕಾಣುತ್ತಿತ್ತು, ಕಣ್ಣು ಮುಚ್ಚಿತ್ತು.

ಉಬೈದ್ ನೇರ ಹೋಗಿ ತಲೆಯ ಬದಿಯಲ್ಲಿ ಕೂತು, ಗದ್ದದ ಕೆಳಗೆ ಬಟ್ಟೆಯ ಮಡಿಕೆ ಸರಿಮಾಡಿದ. ಮೂವತ್ತು ವರ್ಷ ಅಂಗಡಿಯಲ್ಲಿ ಕೆಲಸ ಮಾಡಿದವನಿಗೆ ಆ ಹಕ್ಕು ಉಂಟು, ಅದು ಮಾಸ್ಟ್ರಿಗೂ ಗೊತ್ತಿತ್ತು. ಆದರೂ ಆ ಕೈಯನ್ನು ನೋಡಿ ಅವರಿಗೆ ತಡೆಯಲಿಲ್ಲ. ಆ ಜಾಗ ತನ್ನದು ಅನ್ನಿಸಿತು. ಶನಿವಾರದ ಸಂಜೆಗಳನ್ನೆಲ್ಲ ಈ ಮನುಷ್ಯನ ಪಕ್ಕದಲ್ಲಿ ಕಳೆದವರು ಯಾರು? ಉಬೈದನೋ, ನಾನೋ?

ಅವರು ಜಗಲಿಗೆ ಬಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರು. ಅಂಗಳ ತುಂಬಿತ್ತು. ಊರಿನ ಪೈಂಟರುಗಳೆಲ್ಲ ಕೆಲಸ ಬಿಟ್ಟು ಬಂದಿದ್ದರು. ಉಗುರಿನ ಸಂದಿಯಲ್ಲಿ ಬಣ್ಣ ಒಣಗಿದ ಕೈಗಳು, ಕಂಟ್ರಾಕ್ಟರುಗಳು, ದೇವಸ್ಥಾನದ ಬದಿಯ ಹೂವಿನ ಅಂಗಡಿಯವರು. ಮೂವತ್ತೈದು ವರ್ಷ ಪಾಠ ಹೇಳಿದ ತಾನು ಸತ್ತರೆ ಇಷ್ಟು ಜನ ಬರಲಿಕ್ಕಿಲ್ಲ ಎಂದು ಮಾಸ್ಟ್ರಿಗೆ ಹೊಳೆಯಿತು. ಸಾವಿನ ಮನೆಯಲ್ಲಿ ಕೂತು ಇಂಥದ್ದು ಯೋಚಿಸುತ್ತಿದ್ದೇನಲ್ಲ ಎಂದು ನಾಚಿಕೆಯೂ ಆಯಿತು.

"ಅಂಥ ಕಣ್ಣು ನಾನು ಬೇರೆ ನೋಡ್ಲಿಲ್ಲ" ಎಂದ ಪಕ್ಕದಲ್ಲಿದ್ದ ಬೋಜ. ಅವನು ಹಳೆಯ ಪೈಂಟರು. "ಗೋಡೆಯ ಒಂದು ಚಕ್ಕೆ ತಂದು ಕೊಟ್ರೆ ಸಾಕು. ಬಾಗಿಲ ಹತ್ರ ಹಿಡಿದು ನೋಡುವುದು, ಒಳಗೆ ಹೋಗಿ ಬೆರೆಸುವುದು. ಎಲ್ಲಿ ತೇಪೆ ಹಾಕಿದ್ದು ಅಂತ ಮನೆಯವರಿಗೇ ಗೊತ್ತಾಗ್ತಿರ್ಲಿಲ್ಲ."

ಹೊರಗೆ ಬಂದ ಉಬೈದ್ ತಲೆ ಅಲ್ಲಾಡಿಸಿದ. "ಆದ್ರೆ ಕೊನೆಗೆ ಬಿಟ್ರಲ್ಲ. ಎಂಟು ವರ್ಷ ಆಯ್ತು, ಒಂದು ಡಬ್ಬ ಕಣ್ಣಂದಾಜಿನಲ್ಲಿ ಬೆರೆಸ್ಲಿಲ್ಲ. ಗಿರಾಕಿ ಬಂದ್ರೆ ಬಣ್ಣದ ಮಿಷನಿಗೆ ಹಾಕು ಅಂತಿದ್ರು. ನನ್ನ ಕಣ್ಣು ಈಗ ಆಗುವುದಿಲ್ಲ ಮಾರಾಯ ಅಂತ."

"ಕಣ್ಣಿಗೆ ಎಂತ ಆಗಿತ್ತು?"

"ಪೊರೆಯೋ ಎಂತದೋ. ಮಾಸ್ಟ್ರೇ ಅಲ್ವಾ ಹೇಳಿದ್ದು? ನಕ್ಷತ್ರ ನೋಡುವಾಗ ಗೊತ್ತಾಯ್ತಂತೆ."

ಇಬ್ಬರೂ ಮಾಸ್ಟ್ರ ಕಡೆ ತಿರುಗಿದರು.

"ಹೌದು" ಎಂದರು ವಿಲ್ಲಿ ಮಾಸ್ಟ್ರು.

"ಹೇಳಿದ್ದು ಒಳ್ಳೆದಾಯ್ತು" ಎಂದ ಬೋಜ. "ಇಲ್ಲದಿದ್ರೆ ಆ ವಯಸ್ಸಿನಲ್ಲಿ ಗಿರಾಕಿಗಳಿಂದ ಮಾತು ಕೇಳ್ಬೇಕಿತ್ತು."

*

ಇಪ್ಪತ್ತೆಂಟು ವರ್ಷಗಳ ಹಿಂದೆ ಮಾಸ್ಟ್ರು ಅಂಥದೇ ಒಂದು ಚಕ್ಕೆಯನ್ನು ಕಾಗದದಲ್ಲಿ ಕಟ್ಟಿಕೊಂಡು ಆ ಅಂಗಡಿಗೆ ಹೋಗಿದ್ದರು. ಬಿಕರ್ನಕಟ್ಟೆಯ ತಮ್ಮ ಮನೆಯ ಗೋಡೆ ಒಡೆದು ಪೈಪ್ ಹಾಕಿಸಿದ್ದರು. ತೇಪೆಗೆ ಹಳೆಯ ಬಣ್ಣವೇ ಬೇಕಿತ್ತು. ಹತ್ತು ವರ್ಷ ಬಿಸಿಲು ತಿಂದು ಮಾಸಿದ ಬಿಳಿ ಅದು, ಯಾವ ಕಂಪನಿಯ ಬಣ್ಣದ ಕಾರ್ಡಿನಲ್ಲೂ ಇಲ್ಲ. ಮೂಸಬ್ಬರು ಬಿಳಿ ಪೈಂಟಿಗೆ ಹಳದಿ, ಕಂದು ಹಾಕಿ ಕಲಸಿ, ಕೊನೆಗೆ ಒಂದೇ ಒಂದು ಹನಿ ಕಪ್ಪು ಬಿಟ್ಟರು.

"ಒಣಗಿದ ಮೇಲೆ ನೋಡಿ ಮಾಸ್ಟ್ರೆ. ಈಗ ನೋಡಿದ್ರೆ ನಿಮಗೆ ಡೌಟ್ ಬರ್ತದೆ."

ಒಣಗಿದ ಮೇಲೆ ತೇಪೆ ಎಲ್ಲಿದೆ ಎಂದು ಹುಡುಕಲು ಮಾಸ್ಟ್ರು ಗೋಡೆಯನ್ನು ಬೆರಳಿನಿಂದ ಸವರಬೇಕಾಯಿತು. ಮರುದಿನ ಅಂಗಡಿಗೆ ಹೋಗಿ, "ನನ್ನ ಹತ್ರ ಒಂದು ಬಿಳಿ ಚುಕ್ಕೆ ಉಂಟು ಬ್ಯಾರಿಗಳೇ. ಅದರ ಬೆಳಕು ಒಂದೇ ಹಾಗೆ ನಿಲ್ಲುವುದಿಲ್ಲ. ನೋಡ್ಲಿಕ್ಕೆ ಬರ್ತೀರಾ?" ಎಂದು ಮೂಸಬ್ಬರನ್ನು ಕರೆದರು.

ಆ ಚುಕ್ಕೆ ರಾಜಹಂಸ ನಕ್ಷತ್ರಪುಂಜದಲ್ಲಿ, ಹಂಸದ ಕುತ್ತಿಗೆಯ ಬುಡದಲ್ಲಿತ್ತು. ಪುಸ್ತಕಗಳಲ್ಲಿ ಅದರ ಹೆಸರು ಪಿ ಸಿಗ್ನಿ. ಮೂವತ್ತು ಸೂರ್ಯರ ತೂಕದ ನೀಲಿ ಮಹಾದೈತ್ಯ. ತನ್ನ ಬೆಳಕಿನ ಒತ್ತಡವನ್ನು ತಾನೇ ತಾಳಲಾರದೆ ಮೈಯ ಅನಿಲವನ್ನು ಸದಾ ಹೊರಕ್ಕೆ ತೂರುತ್ತ, ಮೈ ಅದುರಿಸುತ್ತ, ತಿಂಗಳಿಂದ ತಿಂಗಳಿಗೆ ತುಸು ಹೆಚ್ಚು ತುಸು ಕಡಿಮೆ ಉರಿಯುವ ನಕ್ಷತ್ರ. ಅದು ಯಾವಾಗ ಏರುತ್ತದೆ, ಯಾವಾಗ ಇಳಿಯುತ್ತದೆ ಎಂದು ಯಾರೂ ಮೊದಲೇ ಹೇಳಲಾರರು. ಅದಕ್ಕೇ ಲೋಕದ ಬೇರೆ ಬೇರೆ ಊರುಗಳಲ್ಲಿ ಹವ್ಯಾಸಿಗಳು ಅದನ್ನು ನೋಡಿ ಬರೆದಿಟ್ಟು ವಿದೇಶದ ಒಂದು ವೀಕ್ಷಕರ ಸಂಘಕ್ಕೆ ಕಳಿಸುತ್ತಿದ್ದರು. ಮಳೆಗಾಲ ಮುಗಿದ ಮೇಲೆ ಕ್ರಿಸ್‌ಮಸ್‌ವರೆಗೆ, ಸಂಜೆ ಏಳಕ್ಕೆಲ್ಲ ಅದು ಮಾಸ್ಟ್ರ ಟೆರೇಸಿನಿಂದ ಕಾಣುತ್ತಿತ್ತು. ದುಬೈಯಲ್ಲಿದ್ದ ತಮ್ಮ ತಂದುಕೊಟ್ಟ ಒಳ್ಳೆಯ ದುರ್ಬೀನು ಇತ್ತು. ಅಕ್ಕಪಕ್ಕದ ಎರಡು ನಕ್ಷತ್ರಗಳಲ್ಲಿ ಒಂದು ತುಸು ಪ್ರಕಾಶ, ಒಂದು ತುಸು ಮಂಕು. ಅವೆರಡರ ನಡುವೆ ಇದು ಎಲ್ಲಿ ನಿಲ್ಲುತ್ತದೆ ಎಂದು ಅಂದಾಜು ಮಾಡುವುದೇ ಕೆಲಸ.

ಮೂಸಬ್ಬರು ದುರ್ಬೀನನ್ನು ಕಣ್ಣಿಗೆ ಹಿಡಿದು ತುಂಬ ಹೊತ್ತು ನೋಡಿದರು.

"ನೀಲಿ ಅಂತೀರಿ ಮಾಸ್ಟ್ರೆ. ನನಗೆ ಕ್ರೀಮ್ ಕಾಣ್ತದೆ."

"ಪುಸ್ತಕದಲ್ಲಿ ನೀಲಿ ಅಂತ ಉಂಟು."

"ಪುಸ್ತಕದಲ್ಲಿ ಇರ್ಬಹುದು. ಇದಕ್ಕೆ ಎಲ್ಲಿಯೋ ಸ್ವಲ್ಪ ಹಳದಿ ಬಿದ್ದಿದೆ."

ಮಾಸ್ಟ್ರು ನಕ್ಕರು. ನಾಲ್ಕು ತಿಂಗಳ ನಂತರ ಬೇರೊಂದು ಪುಸ್ತಕದಲ್ಲಿ, ನಡುವಿನ ಧೂಳಿನ ಮೋಡಗಳಿಂದಾಗಿ ಆ ನೀಲಿ ನಕ್ಷತ್ರ ನಮಗೆ ಹಳದಿ ಬೆರೆತಂತೆ ಕಾಣುತ್ತದೆ ಎಂಬ ಸಾಲು ಸಿಕ್ಕಿತು. ಎರಡು ಸಲ ಓದಿ ಪುಸ್ತಕ ಮುಚ್ಚಿಟ್ಟರು. ಮೂಸಬ್ಬರಿಗೆ ಹೇಳಲಿಲ್ಲ.

ಇಬ್ಬರ ಅಂದಾಜುಗಳನ್ನೂ ಇಂಗ್ಲಿಷಿನಲ್ಲಿ ತುಂಬಿ ಕಳಿಸುವುದು ಮಾಸ್ಟ್ರ ಕೆಲಸ. ಬೆಳಕಿನ ಅಳತೆಯಲ್ಲಿ ಹತ್ತರಲ್ಲಿ ಒಂದು ಪಾಲಿನ ವ್ಯತ್ಯಾಸಕ್ಕೆ ಮೂಸಬ್ಬರು 'ಒಂದು ಹನಿ' ಎನ್ನುತ್ತಿದ್ದರು. ಇವತ್ತು ಒಂದು ಹನಿ ಬಿಳಿ, ಇವತ್ತು ಅರ್ಧ ಹನಿ ಕಪ್ಪು. ಕೆಲವು ವರ್ಷಗಳ ಮೇಲೆ ಆ ಸಂಘದಿಂದ ಒಂದು ಕಾಗದ ಬಂತು. ನಿಮ್ಮೂರಿನ ಎರಡನೆಯ ವೀಕ್ಷಕರ ಅಂಕಿಗಳು ಉಪಕರಣದ ಅಳತೆಗೆ ಆಶ್ಚರ್ಯವಾಗುವಷ್ಟು ಹತ್ತಿರ ಇರುತ್ತವೆ, ಅವರಿಗೆ ನಮ್ಮ ಅಭಿನಂದನೆ ಎಂದು ಬರೆದಿತ್ತು. ಮಾಸ್ಟ್ರು ಪುಸ್ತಕ ಓದಿ ಕಲಿತವರು, ದುರ್ಬೀನು ಅವರದು, ಟೆರೇಸು ಅವರದು. ಎರಡನೆಯ ವೀಕ್ಷಕರು ಮೂಸಬ್ಬರು.

"ಎಂತ ಬರೆದಿದ್ದಾರೆ ಮಾಸ್ಟ್ರೆ?"

"ನಮ್ಮದು ಸಿಕ್ಕಿತಂತೆ" ಎಂದು ಮಾಸ್ಟ್ರು ಕಾಗದ ಮಡಚಿ ಜೇಬಿಗೆ ಹಾಕಿಕೊಂಡರು.

*

ಮೀಯಿಸಲು ಮೂಸಬ್ಬರ ಮಯ್ಯತ್ತನ್ನು ಹಿಂದಿನ ಕೋಣೆಗೆ ಒಯ್ದರು. ಮಗ ನಿಯಾಝ್, ಮಸೀದಿಯವರು ಇಬ್ಬರು, ಉಬೈದ್ ಒಳಗೆ ಹೋದರು. ಮಾಸ್ಟ್ರೂ ಎದ್ದು ಬಾಗಿಲವರೆಗೆ ಹೋದರು. ನಿಯಾಝ್ ಮೆಲ್ಲಗೆ, "ನೀವು ಕೂತ್ಕೊಳ್ಳಿ ಮಾಸ್ಟ್ರೆ, ಆದ ಕೂಡ್ಲೆ ಕರಿತೇನೆ" ಎಂದು ಬಾಗಿಲು ಮುಚ್ಚಿದ. ಒಳಗೆ ನೀರು ಸುರಿಯುವ ಸದ್ದು ಕೇಳಿತು. ಉಬೈದ್ ಏನೋ ಹೇಳುವುದು, ನಿಯಾಝ್ ಹೂಂ ಎನ್ನುವುದು ಕೇಳಿತು. ಮುಚ್ಚಿದ ಬಾಗಿಲ ಎದುರು ನಿಂತ ಮಾಸ್ಟ್ರಿಗೆ, ಉಬೈದನ ಮೇಲೆ ಈಗ ಏಳುತ್ತಿರುವ ಈ ಉರಿ ತನಗೆ ಹೊಸತಲ್ಲ ಎನ್ನಿಸಿತು. ಮೂಸಬ್ಬರ ಮೇಲೂ ಇದೇ ಉರಿ ಇತ್ತು. ಇಪ್ಪತ್ತು ವರ್ಷ ಅದರ ಮೇಲೆ ಬೂದಿ ಮುಚ್ಚಿ ಕೂತಿದ್ದರು, ಒಂದು ಸಂಜೆಯವರೆಗೆ.

*

ಎಂಟು ವರ್ಷದ ಹಿಂದಿನ ನವೆಂಬರು. ಅಂಗಡಿಗೆ ಬಣ್ಣ ಬೆರೆಸುವ ಮಿಷನ್ ಬಂದು ಒಂದು ವರ್ಷವಾಗಿತ್ತು. ಹೆಚ್ಚಿನ ಗಿರಾಕಿಗಳು ಕಾರ್ಡು ತೋರಿಸಿ ನಂಬರು ಹೇಳುತ್ತಿದ್ದರು, ಮಿಷನ್ ಸುರಿಯುತ್ತಿತ್ತು. ಗೋಡೆಯ ಚಕ್ಕೆ ತರುವ ಕೆಲವರಿಗೆ ಮಾತ್ರ ಮೂಸಬ್ಬರು ಬೆರೆಸಿಕೊಡುತ್ತಿದ್ದರು. "ನನ್ನ ಕಣ್ಣಿಗೆ ಈಗ ಶನಿವಾರವೇ ದೊಡ್ಡ ಡ್ಯೂಟಿ" ಎಂದು ನಗುತ್ತಿದ್ದರು.

ಆ ಶನಿವಾರ ದುರ್ಬೀನು ಇಳಿಸಿ, "ಒಂದು ಹನಿ ಕಪ್ಪು ಬಿದ್ದಿದೆ ಮಾಸ್ಟ್ರೆ" ಎಂದರು.

ಮಾಸ್ಟ್ರು ನೋಡಿದರು. ಅವರ ಕಣ್ಣಿಗೆ ನಕ್ಷತ್ರ ಹೋದ ವಾರದಂತೆಯೇ ಇತ್ತು. ಅದಕ್ಕೂ ಹಿಂದಿನ ವಾರದಂತೆಯೇ ಇತ್ತು. ನಿಜ ಹೇಳುವುದಾದರೆ ಇಪ್ಪತ್ತು ವರ್ಷದಿಂದ ಅವರಿಗೆ ಅದು ಹೆಚ್ಚುಕಡಿಮೆ ಒಂದೇ ಥರ ಕಂಡಿತ್ತು. ಹೋದ ಸಲದ ಅಂಕಿ ನೋಡಿ, ಮೂಸಬ್ಬರ ಮುಖ ನೋಡಿ, ಅದರ ಆಸುಪಾಸಿನಲ್ಲಿ ಏನೋ ಬರೆಯುತ್ತಿದ್ದರು.

ಎರಡು ವಾರ ಬಿಟ್ಟು ಮೂಸಬ್ಬರು, "ಇನ್ನೊಂದು ಹನಿ" ಎಂದರು. "ಇಷ್ಟು ಕೆಳಗೆ ನಾನು ನೋಡಿದ್ದೇ ಇಲ್ಲ. ನೀವು ಸರಿಯಾಗಿ ನೋಡಿ ಮಾಸ್ಟ್ರೆ."

"ನನಗೆ ಹಾಗೆ ಕಾಣುವುದಿಲ್ಲ."

ಚಹಾ ತಂದ ರೊಸಾಲಿನ್ ತಟ್ಟೆಯನ್ನು ಗೋಡೆಯ ಮೇಲಿಟ್ಟು, ಯಾವ ಯೋಚನೆಯೂ ಇಲ್ಲದೆ, "ಮೂಸಬ್ಬರು ಹೇಳಿದ್ರೆ ಅದು ಸರಿಯೇ ಇರ್ತದೆ" ಎಂದರು.

ಅವರು ಮೆಟ್ಟಿಲಿಳಿದು ಹೋಗುವವರೆಗೆ ಮಾಸ್ಟ್ರು ಕಾದರು. ಆಮೇಲೆ, "ನಿಮ್ಮ ಕಣ್ಣು ಹೋಗ್ತಾ ಉಂಟು ಬ್ಯಾರಿಗಳೇ" ಎಂದರು. "ನನಗೆ ಕೆಲವು ಸಮಯದಿಂದ ಗೊತ್ತಾಗ್ತಾ ಇತ್ತು, ಹೇಗೆ ಹೇಳುವುದು ಅಂತ ಸುಮ್ಮನಿದ್ದೆ. ಪೊರೆ ಬರ್ತಾ ಇರ್ಬೇಕು. ಅದಕ್ಕೇ ಎಲ್ಲ ಮಂಕು ಕಾಣುವುದು."

"ಹೌದಾ ಮಾಸ್ಟ್ರೆ?"

"ಹೌದು."

ಪೊರೆ ಬಂದಿದ್ದರೆ ಮೂರೂ ನಕ್ಷತ್ರಗಳು ಒಟ್ಟಿಗೆ ಮಂಕಾಗಬೇಕಿತ್ತು, ಒಂದೇ ಆಗುವುದಿಲ್ಲ. ವಿಜ್ಞಾನದ ಮಾಸ್ಟ್ರಿಗೆ ಅದು ಗೊತ್ತಿತ್ತು. ಮೂಸಬ್ಬರು ದುರ್ಬೀನಿನ ಗಾಜನ್ನು ಲುಂಗಿಯ ತುದಿಯಿಂದ ಒರೆಸಿ ಮಾಸ್ಟ್ರ ಮಡಿಲಲ್ಲಿಟ್ಟರು. ಸ್ವಲ್ಪ ಹೊತ್ತು ತಮ್ಮ ಕೈಗಳನ್ನೇ ನೋಡಿಕೊಂಡರು.

"ಹಾಗಾದ್ರೆ ಇನ್ನು ನೀವು ನೋಡಿ ಹೇಳಿ, ನಾನು ಬರಿತೇನೆ."

ಆ ವರ್ಷದ ಮೂಸಬ್ಬರ ಅಂಕಿಗಳನ್ನು ಮಾಸ್ಟ್ರು ಕಳಿಸಲೇ ಇಲ್ಲ. ಆಕಾಶ ಕೊನೆಗೂ ತನಗೆ ಬಂತು ಎಂಬ ಸಮಾಧಾನದಲ್ಲಿ ಅವರಿಗೆ ಒಳ್ಳೆಯ ನಿದ್ದೆ ಬಂತು.

ಎರಡು ವರ್ಷದ ಮೇಲೆ, ದೊಡ್ಡ ವೀಕ್ಷಣಾಲಯವೊಂದರ ಉಪಕರಣದ ಅಳತೆಗಳನ್ನು ಸಂಘದವರು ಕಂಪ್ಯೂಟರಿನ ನಕ್ಷೆಗೆ ಸೇರಿಸಿದರು. ಮಾಸ್ಟ್ರು ಆ ನವೆಂಬರಿಗೆ ಹೋಗಿ ನೋಡಿದರು. ಗೆರೆ ಅಲ್ಲಿ ಕೆಳಗೆ ಜಗ್ಗಿತ್ತು. ಎಷ್ಟು ಎಂದು ಅಳೆದರು. ಎರಡು ಹನಿ.

ಮರುವಾರ ಮೂಸಬ್ಬರು ಪೆನ್ನು ಹಿಡಿದು ಕೂತವರು, "ಆ ವರ್ಷ ಬೇರೆಯವರು ಎಂತ ಬರೆದಿದ್ದಾರೆ ಮಾಸ್ಟ್ರೆ? ನನ್ನ ಕಣ್ಣು ಹೋದ ವರ್ಷ?" ಎಂದು ಕೇಳಿದ್ದರು.

"ಎಲ್ಲರದ್ದೂ ನನ್ನ ಹಾಗೆಯೇ ಉಂಟು."

ಮೂಸಬ್ಬರು ತಲೆಯಾಡಿಸಿ ಪುಸ್ತಕದಲ್ಲಿ ತಾರೀಕು ಬರೆದರು.

*

"ಮಾಸ್ಟ್ರೆ, ಸ್ವಲ್ಪ ಈಚೆ ಬನ್ನಿ."

ಮೂಸಬ್ಬರ ಮಗಳು ರಮ್ಲಾ ಬದಿಯ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಕಾಟಿಪಳ್ಳದ ಶಾಲೆಯೊಂದರಲ್ಲಿ ಗಣಿತ ಕಲಿಸುವವಳು. ಅತ್ತು ಮುಖ ಊದಿಕೊಂಡಿದ್ದರೂ ದನಿ ಗಟ್ಟಿಯಾಗಿತ್ತು. ಕೋಣೆಯೊಳಗೆ ರೊಸಾಲಿನ್ ಮಂಚದ ತುದಿಯಲ್ಲಿ ಕೂತಿದ್ದರು.

"ಜಗಲಿಯಲ್ಲಿ ಎಲ್ಲ ಉಪ್ಪನ ಕಣ್ಣು ಹೋಗಿತ್ತು ಅಂತ ಮಾತಾಡ್ತಿದ್ದಾರೆ. ನೀವೂ ಹೌದು ಅಂದ್ರಿ. ಕಿಟಕಿಯಿಂದ ಕೇಳಿಸ್ತು."

ಮಾಸ್ಟ್ರು ಕಿಟಕಿಯ ಕಡೆ ನೋಡಿದರು.

"ನೀವು ಹೇಳಿದ ಮರುವಾರವೇ ಅವರನ್ನು ನಾನು ಕಣ್ಣಿನ ಡಾಕ್ಟರ ಹತ್ರ ಕರ್ಕೊಂಡು ಹೋಗಿದ್ದೆ. ಮದ್ದು ಬಿಟ್ಟು ಎರಡು ಗಂಟೆ ನೋಡಿದ್ರು. ಓದ್ಲಿಕ್ಕೆ ಕನ್ನಡಕ ಸಾಕು, ಬೇರೆ ಎಂತದೂ ಇಲ್ಲ, ಈ ವಯಸ್ಸಿಗೆ ಇಷ್ಟು ಒಳ್ಳೆ ಕಣ್ಣು ಅಪರೂಪ ಅಂದ್ರು. ನನಗೆ ಸಿಟ್ಟು ಬಂತು. ಈಗಲೇ ಬಿಕರ್ನಕಟ್ಟೆಗೆ ಹೋಗುವ, ಮಾಸ್ಟ್ರ ಹತ್ರ ಕೇಳುವ ಅಂದೆ. ಉಪ್ಪ ಬೇಡ ಅಂದ್ರು."

"ಯಾಕೆ?" ಎಂದರು ರೊಸಾಲಿನ್.

"ಅದು ಅವರ ಬಾಯಿಂದಲೇ ಬರ್ಬೇಕು ಅಂದ್ರು. ಮಾಸ್ಟ್ರು ಒಳ್ಳೆಯವರು, ಒಂದು ದಿನ ಅವರೇ ಹೇಳ್ತಾರೆ, ಅಲ್ಲಿವರೆಗೆ ನಾನು ಬಣ್ಣ ಬೆರೆಸುವುದಿಲ್ಲ ಅಂತ." ರಮ್ಲಾ ಸೆರಗಿನಿಂದ ಮೂಗು ಒರೆಸಿಕೊಂಡಳು. "ದುರ್ಬೀನು ಒಂದು ತರ್ತೇನೆ ಅಂತ ನಿಯಾಝ್ ಹೇಳಿದ. ಅದೂ ಬೇಡ. ಪ್ರತಿ ಶನಿವಾರ ನಿಮ್ಮಲ್ಲಿಂದ ಬಂದ ಮೇಲೆ ನಾನು ಫೋನ್ ಮಾಡಿ ಕೇಳ್ತಿದ್ದೆ, ಹೇಳಿದ್ರಾ ಅಂತ. ಇಲ್ಲ ಅಂತಿದ್ರು. ಆಮೇಲಾಮೇಲೆ ನಾನೇ ಕೇಳುವುದು ಬಿಟ್ಟೆ."

ರೊಸಾಲಿನ್ ಗಂಡನ ಮುಖವನ್ನೇ ನೋಡುತ್ತಿದ್ದರು. ಈ ಎಂಟು ವರ್ಷವೂ ಶನಿವಾರದ ಸಂಜೆಗಳಲ್ಲಿ ಆ ಇಬ್ಬರಿಗೆ ಚಹಾ ಕೊಟ್ಟವರು ಅವರು.

"ಹೇಳಿ" ಎಂದರು.

ಮಾಸ್ಟ್ರಿಗೆ ಕೂರಬೇಕೆನಿಸಿತು, ಕುರ್ಚಿ ಇರಲಿಲ್ಲ. "ನಕ್ಷತ್ರ ನಿಜವಾಗಿ ಇಳಿದಿತ್ತು" ಎಂದರು. "ಮೂಸಬ್ಬರು ಹೇಳಿದಷ್ಟೇ ಇಳಿದಿತ್ತು. ಆ ದಿನ ನನಗೆ ಗೊತ್ತಿರ್ಲಿಲ್ಲ. ಆದ್ರೆ ಅವರ ಕಣ್ಣು ಸರಿ ಉಂಟು ಅಂತ ಗೊತ್ತಿತ್ತು. ನಕ್ಷತ್ರದ್ದು ಆರು ವರ್ಷದ ಹಿಂದೆ ಗೊತ್ತಾಯ್ತು. ಅವರು ಕೇಳಿದ್ರು ಕೂಡ. ನಾನು ಸುಳ್ಳು ಹೇಳಿದೆ."

"ಕೇಳಿದ್ರಾ?" ಎಂದಳು ರಮ್ಲಾ.

"ಕೇಳಿದ್ರು."

ರಮ್ಲಾ ಗೋಡೆಗೆ ಒರಗಿದಳು. "ನಿಮಗೆ ಅವರು ಎಂತ ಮಾಡಿದ್ರು ಮಾಸ್ಟ್ರೆ?"

"ಎಂತದೂ ಮಾಡ್ಲಿಲ್ಲ. ನನಗೆ ಕಾಣದ್ದು ಅವರಿಗೆ ಕಾಣ್ತಿತ್ತು. ಅಷ್ಟೇ."

ಹಿಂದಿನ ಕೋಣೆಯ ಬಾಗಿಲು ತೆರೆದ ಸದ್ದಾಯಿತು. ಕರ್ಪೂರದ ವಾಸನೆ ಹರಡಿತು. ಚಾವಡಿಯಲ್ಲಿ ಹೆಂಗಸರ ಅಳು ಒಮ್ಮೆಲೇ ಏರಿತು. ರಮ್ಲಾ ಒಳಗೆ ಹೋಗಲು ತಿರುಗಿದವಳು ನಿಂತಳು.

"ನನ್ನ ಹತ್ರ ಹೇಳಿ ಎಂತ ಪ್ರಯೋಜನ? ಜಗಲಿಯಲ್ಲಿ ಹೇಳಿ. ಉಪ್ಪ ಈ ಮನೆಯಿಂದ ಹೊರಗೆ ಹೋಗುವ ಮೊದಲು ಹೇಳಿ."

*

ಕೊನೆಯ ಸಲ ಮುಖ ನೋಡಿಯಾದ ಮೇಲೆ ಮಯ್ಯತ್ತಿನ ಮಂಚವನ್ನು ಜಗಲಿಗೆ ತಂದಿಟ್ಟರು. ಎತ್ತಲು ನಾಲ್ವರು ಬಗ್ಗಿದರು. ಮಾಸ್ಟ್ರು ಮೆಟ್ಟಿಲ ಮೇಲೆ ಅಡ್ಡ ನಿಂತರು. ತರಗತಿಯಲ್ಲಿ ಮೂವತ್ತೈದು ವರ್ಷ ಬಳಸಿದ ದನಿಯಲ್ಲಿ ಅರ್ಧವೂ ಹೊರಬರಲಿಲ್ಲ.

"ಒಂದು ಮಾತುಂಟು. ಮೂಸಬ್ಬರ ಕಣ್ಣಿಗೆ ಎಂತದೂ ಆಗಿರ್ಲಿಲ್ಲ. ಕೊನೆಯವರೆಗೂ ಸರಿ ಇತ್ತು. ಹೋಗಿದೆ ಅಂತ ನಾನು ಸುಳ್ಳು ಹೇಳಿದ್ದು."

ಅಂಗಳದ ಹಿಂದಿನವರಿಗೆ ಕೇಳಿಸಲಿಲ್ಲ. "ಎಂತ ಹೇಳಿದ್ರು?" ಎಂದು ಯಾರೋ ಕೇಳಿದರು. "ದುಃಖ ಆಗಿದೆ ಅವರಿಗೆ" ಎಂದು ಇನ್ಯಾರೋ ಉತ್ತರಿಸಿದರು. ಬೋಜ ನೆಲ ನೋಡಿದ. ಉಬೈದ್ ಮಾತ್ರ ಬಗ್ಗಿದ್ದವನು ನೆಟ್ಟಗಾಗಿ, "ಎಂಟು ವರ್ಷ ಮಾಸ್ಟ್ರೆ" ಎಂದ. "ಮಿಷನಿನ ಎದುರು ಸ್ಟೂಲಿನಲ್ಲಿ ಸುಮ್ಮನೆ ಕೂತಿರ್ತಿದ್ರು. ನಾನು ದಿನಾ ನೋಡಿದ್ದೇನೆ."

"ಯಾಕೆ ಹೇಳಿದ್ದು?" ಎಂದ ನಿಯಾಝ್.

"ಹೊಟ್ಟೆಕಿಚ್ಚು."

ನಿಯಾಝ್ ಅವರನ್ನು ನೋಡಿದ. ಆಮೇಲೆ ಮಂಚಕ್ಕೆ ಕೈಹಾಕಿ ಬಗ್ಗಿದ. ಮಸೀದಿಯ ಹಿರಿಯರೊಬ್ಬರು, "ಹೊತ್ತಾಯ್ತು, ಎತ್ತುವ" ಎಂದರು. ಮಂಚ ಮೇಲೆದ್ದಿತು. ಮಾಸ್ಟ್ರು ಬದಿಗೆ ಸರಿಯಬೇಕಾಯಿತು. ಕಲಿಮದ ದನಿ ಅಂಗಳದಿಂದ ರಸ್ತೆಗೆ ಇಳಿಯಿತು.

ಮಸೀದಿಯ ಹೊರಗೆ, ಗೇಟಿನ ನೆರಳಿನಲ್ಲಿ ಮಾಸ್ಟ್ರು ನಮಾಜು ಮುಗಿಯುವವರೆಗೆ ನಿಂತರು. ಯಾರೂ ಅವರೊಂದಿಗೆ ಮಾತಾಡಲಿಲ್ಲ. ಮೂಸಬ್ಬರು ಕಾದಿದ್ದರು. ಪೆನ್ನು ಹಿಡಿದು, ಮಾಸ್ಟ್ರು ಹೇಳಿದ ಅಂಕಿಯನ್ನೇ ಬರೆದುಕೊಳ್ಳುತ್ತ, ಎಂಟು ವರ್ಷ ಎದುರಿಗೇ ಕೂತು ಕಾದಿದ್ದರು. ಅಷ್ಟು ತಾಳ್ಮೆ ಆ ಮನುಷ್ಯನಿಗೆ ಎಲ್ಲಿಂದ ಬಂತು ಎಂದು ಯೋಚಿಸಿದಾಗ, ಇದನ್ನೂ ಅವರೇ ಗೆದ್ದರಲ್ಲ ಎಂಬ ಹಳೆಯ ಉರಿ ಮತ್ತೊಮ್ಮೆ ಎದೆಯಲ್ಲಿ ಆಡಿತು. ಮಾಸ್ಟ್ರು ಗೇಟಿನ ಕಂಬಿಯನ್ನು ಬಿಗಿಯಾಗಿ ಹಿಡಿದುಕೊಂಡರು.

ಮಂಚ ಮತ್ತೆ ಹೊರಬಂದಾಗ ಅವರು ತಲೆಗೆ ಕರವಸ್ತ್ರ ಕಟ್ಟಿಕೊಂಡು ಗುಂಪಿನೊಳಗೆ ನುಗ್ಗಿದರು. ಖಬರಸ್ಥಾನದವರೆಗೆ ಹೆಗಲು ಬದಲಾಗುತ್ತಲೇ ಇತ್ತು. ಹತ್ತು ಹೆಜ್ಜೆಗೊಬ್ಬ ಬರುತ್ತಿದ್ದ, ಹಿಂದಿನವನು ಬಿಡುತ್ತಿದ್ದ. ಬೋಜ ಬಿಟ್ಟ ಜಾಗಕ್ಕೆ ಮಾಸ್ಟ್ರು ಹೆಗಲು ಕೊಟ್ಟರು. ಎಪ್ಪತ್ನಾಲ್ಕರ ಹೆಗಲಿಗೆ ಮರದ ಅಂಚು ಒತ್ತಿತು. ಹತ್ತು ಹೆಜ್ಜೆಯಾಯಿತು. ಹಿಂದಿನಿಂದ ಒಬ್ಬ ಬೆನ್ನು ಮುಟ್ಟಿದ, ಅವರು ಬಿಡಲಿಲ್ಲ. ಇನ್ನೊಬ್ಬ, "ಎಲ್ಲರಿಗೂ ಸಿಗ್ಬೇಕಲ್ವಾ ಮಾಸ್ಟ್ರೆ" ಎಂದ. ಅವರು ತಿರುಗಲಿಲ್ಲ.

ಕೊನೆಗೆ ನಿಯಾಝ್ ಪಕ್ಕಕ್ಕೆ ಬಂದ.

"ಬಿಡಿ ಮಾಸ್ಟ್ರೆ. ನನ್ನ ಉಪ್ಪ."

ಮಾಸ್ಟ್ರು ಹೆಗಲು ತಗ್ಗಿಸಿ ಹೊರಗೆ ಸರಿದರು. ಮಗ ಹೆಗಲು ಕೊಟ್ಟ. ಆದರೆ ಮಾಸ್ಟ್ರ ಬಲಗೈ ಮರದ ಅಂಚಿನ ಮೇಲೆಯೇ ಉಳಿದಿತ್ತು. ಮೆರವಣಿಗೆ ಮುಂದೆ ಹೋದಂತೆ ಆ ಕೈ ಅವರನ್ನು ಎಳೆದುಕೊಂಡು ಹೋಯಿತು. ಕರವಸ್ತ್ರ ಜಾರಿ ಕುತ್ತಿಗೆಗೆ ಬಿತ್ತು, ಯಾರದೋ ಕಾಲು ಅವರ ಕಾಲನ್ನು ತುಳಿಯಿತು. ನಿಯಾಝನ ಕಿವಿಯ ಬದಿಯಿಂದ ಕೈ ಚಾಚಿಕೊಂಡು, ಕೊನೆಯ ಎರಡು ಬೆರಳು ಜಾರಿದ ಮೇಲೂ ಉಳಿದ ಮೂರರಿಂದ ಮರವನ್ನು ಹಿಡಿದು, ಅವರು ಖಬರಸ್ಥಾನದ ಗೇಟಿನೊಳಗೆ ಅಡ್ಡಡ್ಡಲಾಗಿ ನಡೆದುಹೋದರು.